ಗುಳ್ಳೆ ನಿಂತ ಮೇಲೆ

ಮನೆಯಲ್ಲಿ ಬಿಯರ್ ಮಾಡುವ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಗುಳ್ಳೆ ನಿಂತುಹೋಗಿದೆ, ಈಗೇನು ಮಾಡೋದು?" ನಾನು ತಿರುಗಿ ಕೇಳುವುದೂ ಒಂದನ್ನೇ: "ಹೈಡ್ರೋಮೀಟರ್ ಇಳಿಬಿಟ್ಟು ನೋಡಿದಿರಾ?" ಹೆಚ್ಚಿನವರು ನೋಡಿರುವುದಿಲ್ಲ.

ಗುಳ್ಳೆಯ ಮೇಲೆ ಅಷ್ಟೊಂದು ನಂಬಿಕೆ ಹುಟ್ಟುವುದು ಸಹಜವೇ. ಹುದುಗುವ ಡಬ್ಬಿಯ ಮುಚ್ಚಳಕ್ಕೆ ಏರ್‌ಲಾಕ್ ಎಂಬ ಪುಟ್ಟ ಕೊಳವೆ ಸಿಕ್ಕಿಸಿರುತ್ತೇವೆ. ಅದರ ಬಾಗಿನಲ್ಲಿ ಎರಡು ಚಮಚ ನೀರು. ಒಳಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಆ ನೀರನ್ನು ತಳ್ಳಿಕೊಂಡು ಬುಳಕ್ ಎಂದು ಹೊರಬೀಳುತ್ತದೆ, ಹೊರಗಿನ ಗಾಳಿ ಮಾತ್ರ ಒಳಗೆ ನುಸುಳುವುದಿಲ್ಲ. ಯೀಸ್ಟ್ ಹಾಕಿದ ಮಾರನೆಯ ದಿನ ಆ ಸದ್ದು ಕೇಳತೊಡಗಿದರೆ ಮನೆಗೆ ಜೀವ ಬಂದ ಹಾಗಾಗುತ್ತದೆ. ನಾನೂ ಎಷ್ಟೋ ರಾತ್ರಿ ನೆಲಮಾಳಿಗೆಗೆ ಇಳಿದು ಅದನ್ನೇ ಕೇಳುತ್ತ ನಿಂತಿದ್ದೇನೆ. ಆದರೆ ಏರ್‌ಲಾಕ್ ಇರುವುದು ಗಾಳಿಯನ್ನು ತಡೆಯುವುದಕ್ಕೆ, ಸುದ್ದಿ ಹೇಳುವುದಕ್ಕಲ್ಲ. ಮುಚ್ಚಳದ ರಬ್ಬರ್ ಒಂದು ಕಡೆ ಸಡಿಲವಾಗಿದ್ದರೆ ಅನಿಲವೆಲ್ಲ ಅಲ್ಲಿಂದಲೇ ಹೋಗುತ್ತದೆ. ಒಳಗೆ ಹುದುಗುವಿಕೆ ಭರದಿಂದ ಸಾಗಿದ್ದರೂ ಒಂದು ಗುಳ್ಳೆಯೂ ಏಳುವುದಿಲ್ಲ. ಎಲ್ಲ ಮುಗಿದು ವಾರ ಕಳೆದ ಬಿಯರ್ ಕೂಡ, ಕೋಣೆ ಎರಡು ಡಿಗ್ರಿ ಬೆಚ್ಚಗಾದರೆ ಸಾಕು, ಕರಗಿದ್ದ ಅನಿಲವನ್ನು ಬಿಡುತ್ತ ಮತ್ತೆ ಬುಳಬುಳ ಎನ್ನುತ್ತದೆ. ಹವಾಮಾನದ ಒತ್ತಡ ಇಳಿದ ದಿನವೂ ಹಾಗೆಯೇ.

ಹೈಡ್ರೋಮೀಟರ್ ಹೇಳುವುದು ಬೇರೆಯೇ ಸಂಗತಿ. ನೀರಿನಲ್ಲಿ 1.000 ತೋರಿಸುವ ಈ ಗಾಜಿನ ಕಡ್ಡಿ, ಮಾಲ್ಟಿನ ಸಕ್ಕರೆ ಕರಗಿದ ಸಿಹಿ ರಸದಲ್ಲಿ ಮೇಲೆ ತೇಲಿ 1.050 ತೋರಿಸುತ್ತದೆ. ಈ ರಸಕ್ಕೆ ವರ್ಟ್ ಎಂದು ಹೆಸರು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತ ಹೋದಂತೆ ಕಡ್ಡಿ ಮುಳುಗುತ್ತದೆ: 1.040, 1.025, 1.012. ಮೊದಲಿನ ಅಂಕಿಯಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಪ್ರಮಾಣ ಹೆಚ್ಚುಕಡಿಮೆ ಸಿಕ್ಕುತ್ತದೆ. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಸಲ ನೋಡಿ, ಎರಡು ಸಲವೂ ಅದೇ ಅಂಕಿ ಬಂದರೆ ಮಾತ್ರ ನಿಂತಿದೆ ಎನ್ನಬೇಕು. ನಿಂತಿದೆ ಎಂದರೂ ಮುಗಿಯಿತು ಎಂದಾಗುವುದಿಲ್ಲ. ಮುಗಿದು ನಿಂತದ್ದೋ, ದಣಿದು ನಿಂತದ್ದೋ ಎಂಬುದನ್ನು ಆಮೇಲೆ ವಿಚಾರಿಸಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ತೀರ ಬೇರೆ ಬೇರೆ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳುವುದು ಕಾನೂನಿಗೆ ಒಪ್ಪಿತ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಆ ದಾರಿ ತೆರೆಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್, ಮಾರುವ ಹಾಗಿಲ್ಲ. ಮಿಸಿಸಿಪಿ ಮತ್ತು ಅಲಬಾಮ ರಾಜ್ಯಗಳು ಒಪ್ಪಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ನಾನು ಬರೆಯುತ್ತಿರುವುದು ಇಲ್ಲಿನ ಸಂಗತಿ, ಇಲ್ಲಿನ ನೆಲಮಾಳಿಗೆಗಳ ಸಂಗತಿ ಎಂದು ಓದಿಕೊಳ್ಳಬೇಕು.

ನಮ್ಮ ಬಡಾವಣೆಗೆ ಹತ್ತಿರದಲ್ಲೇ ಹಾಸನದ ಕಡೆಯ ಗೆಳೆಯರೊಬ್ಬರಿದ್ದಾರೆ. ಜನವರಿಯಲ್ಲಿ ಅವರು ಸ್ಟೌಟ್ ಮಾಡಿದರು. ಹುರಿದ ಬಾರ್ಲಿ ಹಾಕಿ ಮಾಡುವ, ಕಾಫಿಯ ಕಪ್ಪಿನ ಬಿಯರ್ ಅದು. 1.064ರಲ್ಲಿ ಶುರುವಾದದ್ದು 1.026ಕ್ಕೆ ಬಂದು ನಿಂತಿತು. ಅವರ ಲೆಕ್ಕದಲ್ಲಿ ಅದು 1.016ರ ಆಸುಪಾಸಿಗೆ ಇಳಿಯಬೇಕಿತ್ತು. ಹತ್ತು ಅಂಕ ಉಳಿದುಬಿಟ್ಟಿದೆ, ಬಿಯರ್ ಕೆಟ್ಟಿತು ಎಂದು ಅವರು ನಿರ್ಧರಿಸಿಯಾಗಿತ್ತು. ಇನ್ನೊಂದು ಪೊಟ್ಟಣ ಒಣ ಯೀಸ್ಟನ್ನು ಸುರಿಯಲು ಕತ್ತರಿ ಹಿಡಿದುಕೊಂಡೇ ಫೋನ್ ಮಾಡಿದ್ದರು. ಪೊಟ್ಟಣವನ್ನು ಕೆಳಗಿಡಿ, ಬರುತ್ತೇನೆ ಎಂದೆ.

ಮೊದಲು ಅಳತೆಯನ್ನೇ ಅನುಮಾನಿಸಬೇಕು. ಎಷ್ಟೋ ಜನ ಈಗ ರಿಫ್ರಾಕ್ಟೋಮೀಟರ್ ಬಳಸುತ್ತಾರೆ. ಎರಡು ಹನಿ ಸಾಕು, ಕಣ್ಣಿಗಿಟ್ಟು ಬೆಳಕಿನತ್ತ ನೋಡಿದರೆ ಅಂಕಿ ಕಾಣುತ್ತದೆ. ವರ್ಟಿಗೆ ಅದು ಚೆನ್ನಾದ ಉಪಕರಣ. ಆಲ್ಕೋಹಾಲ್ ಹುಟ್ಟಿದ ಮೇಲೆ ಮಾತ್ರ ಬೆಳಕು ಬೇರೆ ರೀತಿ ಬಾಗುವುದರಿಂದ ಅದರ ಅಂಕಿ ದಾರಿ ತಪ್ಪಿಸುತ್ತದೆ. 1.050ರಲ್ಲಿ ಶುರುವಾಗಿ 1.012ಕ್ಕೆ ಇಳಿದು ಸುಖವಾಗಿ ಮುಗಿದ ಬಿಯರಿನಲ್ಲಿ ಅದು 1.025ರ ಹತ್ತಿರ ತೋರಿಸಬಹುದು. ಲೆಕ್ಕ ಹಾಕಿ ತಿದ್ದಿಕೊಳ್ಳದಿದ್ದರೆ ಆರೋಗ್ಯವಾಗಿರುವ ಬಿಯರಿಗೆ ಔಷಧಿ ಹಾಕಿದಂತಾಗುತ್ತದೆ. ನಮ್ಮ ಗೆಳೆಯರ ಕೈಯಲ್ಲಿದ್ದದ್ದು ಹೈಡ್ರೋಮೀಟರೇ. ನೀರಿನಲ್ಲಿ ಇಳಿಬಿಟ್ಟು ನೋಡಿದೆವು, 1.000 ಸರಿಯಾಗಿತ್ತು. ಅಳತೆ ನಿಜ.

ಎರಡನೆಯದು ಚಳಿ. ಜನವರಿಯಲ್ಲಿ ಇಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಮೇಲಿನ ಮನೆ ಬೆಚ್ಚಗಿದ್ದರೂ ನೆಲಮಾಳಿಗೆಯ ಸಿಮೆಂಟ್ ನೆಲ 14, 15 ಡಿಗ್ರಿಯಲ್ಲಿರುತ್ತದೆ. ಏಲ್ ಬಿಯರಿನ ಯೀಸ್ಟಿಗೆ 18ರಿಂದ 21 ಡಿಗ್ರಿ ಹಿತ. ಹುದುಗುವಿಕೆಯ ಮೊದಲ ದಿನಗಳಲ್ಲಿ ಯೀಸ್ಟ್ ತಾನೇ ಶಾಖ ಹುಟ್ಟಿಸಿಕೊಳ್ಳುತ್ತದೆ, ಡಬ್ಬಿ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗಿರುತ್ತದೆ. ಭರಾಟೆ ಇಳಿದಾಗ ಆ ಶಾಖವೂ ಇಳಿಯುತ್ತದೆ. ಕೆಲವು ತಳಿಗಳು, ಅದರಲ್ಲೂ ಇಂಗ್ಲೆಂಡಿನವು, ಅಷ್ಟು ತಣ್ಣಗಾದರೆ ಸಾಕು, ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕುಳಿತುಬಿಡುತ್ತವೆ. ಮೇಲೆ ಸಕ್ಕರೆ ಉಳಿದಿರುತ್ತದೆ, ತಿನ್ನುವವರು ಕೆಳಗೆ ಮಲಗಿರುತ್ತಾರೆ. ಡಬ್ಬಿಯನ್ನು ನೆಲದಿಂದೆತ್ತಿ ಬೆಚ್ಚನೆಯ ಕೋಣೆಗೆ ತಂದು 21 ಡಿಗ್ರಿಗೆ ಏರಿಸುವುದು, ಮುಚ್ಚಳ ತೆಗೆಯದೆ ಮೆಲ್ಲಗೆ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸುವುದು, ಮೂರು ನಾಲ್ಕು ದಿನ ಕಾಯುವುದು. ಇಷ್ಟರಲ್ಲೇ ಬಹಳಷ್ಟು ಬಿಯರುಗಳು ಚೇತರಿಸಿಕೊಳ್ಳುತ್ತವೆ. ಜೋರಾಗಿ ಕುಲುಕಬಾರದು. ಈ ಹಂತದಲ್ಲಿ ಒಳಹೋದ ಆಮ್ಲಜನಕ ಬಿಯರಿಗೆ ಒದ್ದೆ ರಟ್ಟಿನ ವಾಸನೆ ತರುತ್ತದೆ.

ಯೀಸ್ಟಿಗೆ ಆಮ್ಲಜನಕ ಬೇಕಾಗುವುದು ಶುರುವಿನಲ್ಲಿ ಮಾತ್ರ. ಇದನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ದಣಿದ ಹುದುಗುವಿಕೆಗಳ ಮೂಲವೆಲ್ಲ ಸಾಮಾನ್ಯವಾಗಿ ಆ ಮೊದಲ ಗಂಟೆಗಳಲ್ಲೇ ಇರುತ್ತದೆ. ಯೀಸ್ಟ್ ಕೋಶ ಒಡೆದು ಎರಡಾಗಬೇಕಾದರೆ ಹೊಸ ಪೊರೆ ಕಟ್ಟಬೇಕು. ಪೊರೆಗೆ ಬೇಕಾದ ಸ್ಟೆರಾಲುಗಳನ್ನೂ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನೂ ತಯಾರಿಸಿಕೊಳ್ಳಲು ಅದಕ್ಕೆ ಆಮ್ಲಜನಕ ಬೇಕು. ಒಂದು ಗಂಟೆ ಕುದಿಸಿದ ವರ್ಟಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ. ತಣಿಸಿದ ಮೇಲೆ ಚೆನ್ನಾಗಿ ಕಡೆದೋ ಕುಲುಕಿಯೋ ಲೀಟರಿಗೆ 8ರಿಂದ 10 ಮಿಲಿಗ್ರಾಂ ಸೇರುವಂತೆ ನೋಡಿಕೊಳ್ಳಬೇಕು. ಅದು ಸಿಗದಿದ್ದರೆ ತಾಯಿ ಕೋಶದಲ್ಲಿದ್ದ ದಾಸ್ತಾನನ್ನೇ ಮಕ್ಕಳು, ಮೊಮ್ಮಕ್ಕಳು ಹಂಚಿಕೊಳ್ಳುತ್ತ ಹೋಗಬೇಕು. ಪಾಲು ಚಿಕ್ಕದಾಗುತ್ತದೆ, ಪೊರೆ ತೆಳುವಾಗುತ್ತದೆ, ಸುತ್ತಲಿನ ಆಲ್ಕೋಹಾಲ್ ಏರಿದಾಗ ತಡೆಯಲಾಗುವುದಿಲ್ಲ. ಒಣ ಯೀಸ್ಟಿಗೆ ಈ ಕಷ್ಟ ಕಡಿಮೆ, ಕಾರ್ಖಾನೆಯಲ್ಲೇ ಅದಕ್ಕೆ ದಾಸ್ತಾನು ತುಂಬಿಸಿ ಕಳಿಸಿರುತ್ತಾರೆ.

ಸಂಖ್ಯೆಯ ಮಾತೂ ಇದೆ. 1.050ರ ವರ್ಟ್ 20 ಲೀಟರ್ ಇದ್ದರೆ ಏಲ್ ಯೀಸ್ಟಿನ 18,000 ಕೋಟಿ ಕೋಶಗಳಾದರೂ ಬೇಕು, ತಣ್ಣಗೆ ಹುದುಗುವ ಲಾಗರ್ ಆದರೆ ಅದರ ಇಮ್ಮಡಿ. ಕೇಳಲು ದೊಡ್ಡ ಸಂಖ್ಯೆ, ಆದರೆ ಹೊಸ ಒಣ ಯೀಸ್ಟಿನ 11 ಗ್ರಾಂ ಪೊಟ್ಟಣವೊಂದರಲ್ಲಿ ಏಲಿಗೆ ಸಾಕಾಗುವಷ್ಟು ಇರುತ್ತದೆ. ದ್ರವರೂಪದ ಯೀಸ್ಟ್ ಮಾತ್ರ ತಿಂಗಳು ತಿಂಗಳಿಗೂ ಸೊರಗುತ್ತದೆ. ಹಳೆಯ ಪೊಟ್ಟಣ ಎಂದಾದರೆ ಎರಡು ದಿನ ಮೊದಲೇ ಒಂದೆರಡು ಲೀಟರ್ ತೆಳು ವರ್ಟಿನಲ್ಲಿ ಬೆಳೆಸಿಕೊಳ್ಳುವುದು ಕ್ಷೇಮ.

ಗೆಳೆಯರು ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದರು. ಹೊಸ ಯೀಸ್ಟ್, ಬೇಕಾದಷ್ಟು ಗಾಳಿ. ಡಬ್ಬಿಯನ್ನು ಬೆಚ್ಚಗಿನ ಕೋಣೆಗೆ ತಂದು ಕಾದರು. ಅಂಕಿ 1.026ರಿಂದ ಕದಲಲಿಲ್ಲ.

ಹಾಗಾದರೆ ಕೇಳಬೇಕಾದದ್ದು ಯೀಸ್ಟನ್ನಲ್ಲ, ವರ್ಟನ್ನು. ಅದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ದಿನನಿತ್ಯ ಮಾಡುತ್ತಾರೆ, ಮನೆಯಲ್ಲಿ ಮಾಡುವವರು ಕಡಿಮೆ. ಒಂದು ಲೋಟದಷ್ಟು ಬಿಯರನ್ನು ಶುದ್ಧವಾದ ಸೀಸೆಗೆ ತೆಗೆದು, ಹೊಸ ಏಲ್ ಯೀಸ್ಟನ್ನು ಧಾರಾಳವಾಗಿ ಹಾಕಿ, 25 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ತಿರುಗಿಸುತ್ತಿರಬೇಕು. ರುಚಿಯ ಚಿಂತೆ ಬೇಡ, ಅದು ಕುಡಿಯುವುದಕ್ಕಲ್ಲ. ಆ ಪುಟ್ಟ ಸೀಸೆಯಲ್ಲಿ ಯೀಸ್ಟಿಗೆ ಯಾವ ಅಡ್ಡಿಯೂ ಇಲ್ಲ, ತಿನ್ನಬಲ್ಲ ಸಕ್ಕರೆ ಎಷ್ಟಿದೆಯೋ ಅಷ್ಟನ್ನೂ ಎರಡು ಮೂರು ದಿನಗಳಲ್ಲಿ ತಿಂದು ಮುಗಿಸುತ್ತದೆ. ಆಗ ಬಂದ ಅಂಕಿಯೇ ಆ ವರ್ಟಿನ ಕೊನೆಯ ಮಿತಿ. ಸೀಸೆ ಕೆಳಗಿಳಿದು ಡಬ್ಬಿ ಮೇಲೇ ಉಳಿದಿದ್ದರೆ ಯೀಸ್ಟ್ ದಣಿದಿದೆ ಎಂದರ್ಥ. ಎರಡೂ ಒಂದೇ ಕಡೆ ನಿಂತರೆ ಡಬ್ಬಿಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ.

ಗೆಳೆಯರ ಸೀಸೆ 1.025ರಲ್ಲಿ ನಿಂತಿತು. ಬಿಯರ್ ಮುಗಿದಿತ್ತು. ದಣಿದಿರಲಿಲ್ಲ.

ಕಾರಣ ಸಿಕ್ಕಿದ್ದು ಅವರ ಥರ್ಮಾಮೀಟರಿನಲ್ಲಿ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿಡುವ ಒಂದು ಗಂಟೆಯಲ್ಲಿ ಧಾನ್ಯದ ಪಿಷ್ಟ ಸಕ್ಕರೆಯಾಗುತ್ತದೆ. ಆ ಕೆಲಸಕ್ಕೆ ಎರಡು ಕಿಣ್ವಗಳು. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ ಚುರುಕು, ಯೀಸ್ಟಿಗೆ ಪ್ರಿಯವಾದ ಮಾಲ್ಟೋಸನ್ನು ಕತ್ತರಿಸಿ ಕೊಡುತ್ತದೆ, 70 ದಾಟಿದರೆ ಬೇಗ ಸಾಯುತ್ತದೆ. ಆಲ್ಫಾ ಅಮೈಲೇಸ್ 70ರಲ್ಲೂ ದುಡಿಯುತ್ತದೆ, ಆದರೆ ಅದು ಉದ್ದದ ಪಿಷ್ಟವನ್ನು ಎಲ್ಲೆಂದರಲ್ಲಿ ತುಂಡರಿಸಿ ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್‌ಗಳನ್ನೂ ಬಹಳ ಬಿಡುತ್ತದೆ. ಗೆಳೆಯರು 67 ಎಂದು ಬರೆದುಕೊಂಡಿದ್ದರು. ಥರ್ಮಾಮೀಟರನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕಾದದ್ದು ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ ತೋರಿಸಿತು. ಕುದಿಯುವ ನೀರಿನಲ್ಲಿ ನಮ್ಮ ಊರಿನ ಎತ್ತರಕ್ಕೆ 99ರಷ್ಟು ಬರಬೇಕಿದ್ದಲ್ಲಿ 95. ಅಂದರೆ ಅವರ ಮಾಲ್ಟ್ ನೆನೆದದ್ದು 71ರಲ್ಲಿ. ಮಾಲ್ಟ್ ನೆನೆಸಿದ ದಿನವೇ, ಯೀಸ್ಟ್ ಪೊಟ್ಟಣವನ್ನು ಒಡೆಯುವುದಕ್ಕೂ ಮೊದಲೇ, ಈ ಬಿಯರ್ 1.026ರಲ್ಲಿ ನಿಲ್ಲುವುದು ತೀರ್ಮಾನವಾಗಿಹೋಗಿತ್ತು. ಅದಕ್ಕೆ ಇನ್ನೆಷ್ಟು ಯೀಸ್ಟ್ ಸುರಿದರೂ ತಿನ್ನಲು ಏನೂ ಇರಲಿಲ್ಲ. ಸ್ಟೌಟಿಗೆ ಸ್ವಲ್ಪ ಸಿಹಿ, ಸ್ವಲ್ಪ ತುಂಬು ಮೈ ಒಪ್ಪುತ್ತದೆ. ಹಾಗೇ ಬಾಟಲಿಗೆ ತುಂಬಿಸಿದರು. ನನ್ನ ನಾಲಿಗೆಗೆ ಅದು ಆ ಚಳಿಗಾಲದ ಒಳ್ಳೆಯ ಬಿಯರುಗಳಲ್ಲಿ ಒಂದು.

ಅದೇ ವರ್ಷ ಬೇಸಿಗೆಯಲ್ಲಿ ಅದೇ ಗೆಳೆಯರು ಸೇಸೋನ್ ಮಾಡಿದರು. ಬೆಲ್ಜಿಯಂನ ಫ್ರೆಂಚ್ ಮಾತಾಡುವ ವಲೋನಿಯ ಸೀಮೆಯ ಹೊಲಮನೆಗಳ ಬಿಯರ್ ಅದು. ಮೆಣಸಿನ ಕಟುವಿನಂಥ ಘಮ, ನಾಲಿಗೆಯ ಮೇಲೆ ಎಳ್ಳಷ್ಟೂ ಸಿಹಿ ಉಳಿಯದ ಒಣ ರುಚಿ. ತೂರ್ಪ್ ಎಂಬ ಹಳ್ಳಿಯ ಡ್ಯೂಪಾಂ ಬ್ರೂವರಿಯ ಸೇಸೋನ್ ಈ ಬಗೆಯಲ್ಲಿ ಹೆಸರಾದದ್ದು, ಅಲ್ಲಿಂದ ಬಂದದ್ದೆನ್ನುವ ಯೀಸ್ಟ್ ಮನೆಯಲ್ಲಿ ಬಿಯರ್ ಮಾಡುವವರಿಗೂ ಸಿಗುತ್ತದೆ. ಈ ಯೀಸ್ಟಿನ ಸ್ವಭಾವ ಬಲ್ಲವರಿಗೆಲ್ಲ ಗೊತ್ತು: ಮೊದಲ ನಾಲ್ಕು ದಿನ ಓಡುತ್ತದೆ, 1.035ರ ಸುಮಾರಿಗೆ ಬಂದು ನಿಂತುಬಿಡುತ್ತದೆ. ವಾರಗಟ್ಟಲೆ ಅಲ್ಲೇ. ಸ್ಟೌಟಿನ ಪಾಠ ಕಲಿತಿದ್ದ ಗೆಳೆಯರು ಮುಗಿದಿದೆ ಎಂದುಕೊಂಡು ಬಾಟಲಿ ತೊಳೆಯಲು ಹೊರಟಿದ್ದರು.

ಸೀಸೆಯ ಪರೀಕ್ಷೆ ಅವರನ್ನು ಉಳಿಸಿತು. ಬೇರೆ ಏಲ್ ಯೀಸ್ಟ್ ಹಾಕಿದ ಸೀಸೆ ಮೂರೇ ದಿನಕ್ಕೆ 1.010ಕ್ಕೆ ಇಳಿಯಿತು. ಇಲ್ಲಿ ತಿನ್ನಲು ಬೇಕಾದಷ್ಟಿತ್ತು, ಯೀಸ್ಟೇ ಕೈಕಟ್ಟಿ ಕುಳಿತಿತ್ತು. ಈ ತಳಿಗೆ ಬೇಕಾದದ್ದು ಸೆಖೆ. ಉಳಿದ ಏಲ್ ಯೀಸ್ಟುಗಳು ಕಹಿ ಸ್ಪಿರಿಟಿನ ವಾಸನೆ ಬಿಡತೊಡಗುವ 30, 32 ಡಿಗ್ರಿಯಲ್ಲಿ ಇದು ಹಾಯಾಗಿರುತ್ತದೆ. ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆವು. ಜುಲೈ ತಿಂಗಳ ಮಿನ್ನೆಸೋಟದ ಅಟ್ಟದ ಬಿಸಿ ಕರಾವಳಿಯ ಮೇ ತಿಂಗಳಿಗೆ ಸೋಲುವಂಥದ್ದಲ್ಲ. ಒಂದೆರಡು ದಿನ ಏನೂ ಇಲ್ಲ. ಆಮೇಲೆ ದಿನಕ್ಕೆ ಒಂದೆರಡು ಅಂಕದಂತೆ, ನಿಧಾನವಾಗಿ, ನಿಲ್ಲದೆ ಇಳಿಯತೊಡಗಿತು.

ಹುದುಗುವಿಕೆಯ ವಿಜ್ಞಾನ ಹುಟ್ಟಿದ್ದೇ ಇಂಥ ತೊಂದರೆಗಳಿಂದ ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ. 1856ರಲ್ಲಿ ಉತ್ತರ ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಬೀಟ್‌ರೂಟಿನಿಂದ ಆಲ್ಕೋಹಾಲ್ ತೆಗೆಯುತ್ತಿದ್ದ ಬಿಗೋ ಎಂಬ ಕಾರ್ಖಾನೆಯ ಮಾಲೀಕ, ತನ್ನ ಕೆಲವು ತೊಟ್ಟಿಗಳು ಹುಳಿಯಾಗುತ್ತಿವೆ ಎಂದು ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೂಯಿ ಪಾಶ್ಚರ್ ಬಳಿಗೆ ಹೋದ. ಬಿಗೋನ ಮಗ ಅವರ ವಿದ್ಯಾರ್ಥಿಯಾಗಿದ್ದ. ಪಾಶ್ಚರ್ ತೊಟ್ಟಿಗಳ ರಸವನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಸರಿಯಿದ್ದ ತೊಟ್ಟಿಗಳಲ್ಲಿ ದುಂಡನೆಯ ಯೀಸ್ಟ್, ಹುಳಿಯಾದವುಗಳಲ್ಲಿ ಅದಕ್ಕಿಂತ ತೀರ ಚಿಕ್ಕ ಕಡ್ಡಿಯಂಥ ಜೀವಿಗಳು. ಹುದುಗುವಿಕೆ ಜೀವಿಗಳ ಕೆಲಸ, ಬೇರೆ ಜೀವಿ ಸೇರಿದರೆ ಬೇರೆ ಹುದುಗುವಿಕೆ ಎಂಬ ತಿಳಿವು ಅಲ್ಲಿಂದ ಬೆಳೆಯಿತು. ಇಪ್ಪತ್ತು ವರ್ಷಗಳ ಬಳಿಕ, 1876ರಲ್ಲಿ, ಅವರು ಬಿಯರಿನ ಮೇಲೆಯೇ ಒಂದು ಪುಸ್ತಕ ಬರೆದರು.

ಪಾಶ್ಚರ್ ತೋರಿಸಿದ ದಾರಿಯಲ್ಲಿ ಬ್ಯಾಕ್ಟೀರಿಯಾಗಳನ್ನು ದೂರವಿಟ್ಟ ಮೇಲೂ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಬಿಯರು ಕೆಡುತ್ತಿತ್ತು. ಅಲ್ಲಿನ ಪ್ರಯೋಗಾಲಯದಲ್ಲಿದ್ದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಂಡುಹಿಡಿದದ್ದು ಇನ್ನೂ ಸೂಕ್ಷ್ಮ: ಕಳ್ಳ ಹೊರಗಿನವನಲ್ಲ, ಯೀಸ್ಟಿನೊಳಗೇ ಸೇರಿಕೊಂಡಿರುವ ಕಾಡು ಯೀಸ್ಟ್. ಕಣ್ಣಿಗೆ ಎರಡೂ ಒಂದೇ ಥರ. ಹ್ಯಾನ್ಸನ್ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಅದರಿಂದ ಸಂತಾನ ಬೆಳೆಸಿದರು. 1883ರ ನವೆಂಬರಿನಲ್ಲಿ ಕಾರ್ಲ್ಸ್‌ಬರ್ಗ್ ಆ ಶುದ್ಧ ಯೀಸ್ಟಿನಿಂದ ಬಿಯರ್ ಮಾಡಿತು. ಮಾಲೀಕ ಜೆ. ಸಿ. ಜೇಕಬ್ಸನ್ ಮೊದಮೊದಲು ಅಷ್ಟಾಗಿ ನಂಬಿರಲಿಲ್ಲ. ಫಲಿತಾಂಶ ಕಂಡ ಮೇಲೆ ಆ ಯೀಸ್ಟನ್ನು ಗುಟ್ಟು ಮಾಡದೆ ಕೇಳಿದ ಬ್ರೂವರಿಗಳಿಗೆಲ್ಲ ಕೊಟ್ಟರು. ಇವತ್ತು ನಾವು ಪೊಟ್ಟಣ ಕತ್ತರಿಸಿ ಒಂದೇ ತಳಿಯ ಯೀಸ್ಟನ್ನು ಸುರಿಯುತ್ತೇವಲ್ಲ, ಅದರ ಹಿಂದೆ ಆ ಔದಾರ್ಯ ಇದೆ. ವ್ಯಾಪಾರದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮನಸ್ಸು ನಾನು ಹೆಚ್ಚು ಕಂಡಿಲ್ಲ.

ಇನ್ನು ವಾಸನೆಗಳ ಮಾತು. ಅಂಕಿ ಸರಿಯಾಗಿ ಇಳಿದರೂ ಬಿಯರ್ ಸರಿಯಿರಬೇಕೆಂದಿಲ್ಲ, ಅದನ್ನು ಮೂಗು ಹೇಳಬೇಕು. ನನಗೆ ಅತ್ಯಂತ ಕುತೂಹಲದ್ದು ಬೆಣ್ಣೆಯ ವಾಸನೆ. ಡಯಾಸಿಟೈಲ್ ಎಂಬ ಈ ಪದಾರ್ಥ ನಿಜವಾದ ಬೆಣ್ಣೆಯಲ್ಲೂ ಇರುತ್ತದೆ, ಬೆಣ್ಣೆಗೆ ಅದರ ಘಮ ಬರುವುದೇ ಇದರಿಂದ. ಬೆಣ್ಣೆ ದೋಸೆಗೆ ಶೋಭೆ ತರುವ ಆ ಘಮ ಲಾಗರಿನಲ್ಲಿ ಬಂದರೆ ಕುಡಿಯುವ ಮನಸ್ಸೇ ಹೋಗುತ್ತದೆ. ಯೀಸ್ಟ್ ತನಗೆ ಬೇಕಾದ ವ್ಯಾಲಿನ್ ಎಂಬ ಅಮೈನೋ ಆಮ್ಲ ತಯಾರಿಸಿಕೊಳ್ಳುವಾಗ ನಡುವಿನ ಒಂದು ಪದಾರ್ಥ, ಆಲ್ಫಾ ಅಸಿಟೋಲ್ಯಾಕ್ಟೇಟ್, ಕೋಶದಿಂದ ಹೊರಗೆ ಸೋರುತ್ತದೆ. ಅದಕ್ಕೆ ವಾಸನೆಯಿಲ್ಲ. ಬಿಯರಿನಲ್ಲಿ ಅದು ತನ್ನಷ್ಟಕ್ಕೆ, ಬಲು ನಿಧಾನವಾಗಿ, ಡಯಾಸಿಟೈಲ್ ಆಗುತ್ತದೆ. ಹುದುಗುವಿಕೆಯ ಕೊನೆಯಲ್ಲಿ ಯೀಸ್ಟ್ ಅದನ್ನು ಮತ್ತೆ ಒಳಗೆಳೆದುಕೊಂಡು ವಾಸನೆಯಿಲ್ಲದ ಪದಾರ್ಥವಾಗಿ ಬದಲಿಸಿ ಬಿಡುತ್ತದೆ. ತಾನು ಮಾಡಿದ ಗಲೀಜನ್ನು ತಾನೇ ಬಳಿಯುತ್ತದೆ. ಆ ಕೆಲಸಕ್ಕೆ ಸಮಯವೂ ಬೇಕು, ಬಿಸುಪೂ ಬೇಕು. ಅಂಕಿ ಇಳಿಯಿತು ಎಂದು ಅವತ್ತೇ ಫ್ರಿಜ್ಜಿಗೆ ಹಾಕಿದರೆ ಯೀಸ್ಟ್ ಮಲಗುತ್ತದೆ, ವಾಸನೆಯಿಲ್ಲದ ಆ ಪದಾರ್ಥ ಮಾತ್ರ ಬಾಟಲಿಯಲ್ಲಿ ಕೂತು ವಾರಗಳ ಮೇಲೆ ಬೆಣ್ಣೆಯಾಗುತ್ತದೆ. ಅದಕ್ಕೇ 10, 12 ಡಿಗ್ರಿಯಲ್ಲಿ ಹುದುಗುವ ಲಾಗರನ್ನು ಕೊನೆಯ ಹಂತದಲ್ಲಿ ಎರಡು ಮೂರು ದಿನ 18 ಡಿಗ್ರಿಗೆ ಏರಿಸಿಡುವುದು.

ಸಾಕಷ್ಟು ಕಾದಿದ್ದೇವೆಯೇ ಎಂದು ತಿಳಿಯುವ ಉಪಾಯವೂ ಇದೆ. ಎರಡು ಸಣ್ಣ ಸೀಸೆಗಳಿಗೆ ಬಿಯರ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಮತ್ತೆ ತಣಿಸಿ, ಎರಡನ್ನೂ ಮೂಸಬೇಕು. ವಾರಗಳಲ್ಲಿ ಆಗಬೇಕಾದ ಬದಲಾವಣೆಯನ್ನು ಬಿಸಿ ಅಷ್ಟು ಹೊತ್ತಿನಲ್ಲೇ ಮಾಡಿಸಿಬಿಡುತ್ತದೆ. ಬಿಸಿಮಾಡಿದ್ದರಲ್ಲಿ ಬೆಣ್ಣೆ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಇನ್ನೂ ಕಾಯಬೇಕು. ಎರಡರಲ್ಲೂ ಇಲ್ಲದಿದ್ದರೆ ತಣಿಸಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಸಿರು ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳೆಯದು, ಯೀಸ್ಟಿನ ಮೇಲೆಯೇ ಇರಲು ಬಿಡಿ. ಬೇಯಿಸಿದ ಜೋಳದ ವಾಸನೆ ಬಂದರೆ ವರ್ಟನ್ನು ಮುಚ್ಚಳ ಹಾಕಿ ಕುದಿಸಿರುತ್ತೀರಿ ಅಥವಾ ತಣಿಸಲು ತಡಮಾಡಿರುತ್ತೀರಿ. ಆಸ್ಪತ್ರೆಯ ಪಟ್ಟಿಯ ವಾಸನೆ ಬಂದರೆ ನಲ್ಲಿಯ ನೀರಿನ ಕ್ಲೋರಿನ್ ಅಥವಾ ಕ್ಲೋರಮಿನ್ ಫೀನಾಲುಗಳೊಡನೆ ಸೇರಿದೆ, ಅದಕ್ಕೆ ಬಿಯರಿನಲ್ಲಿ ಮದ್ದಿಲ್ಲ. ಮುಂದಿನ ಸಲ ಕ್ಯಾಂಪ್‌ಡೆನ್ ಮಾತ್ರೆ ಒಂದನ್ನು ಪುಡಿಮಾಡಿ ಹಾಕಿದರೆ 75 ಲೀಟರ್ ನೀರು ಶುದ್ಧವಾಗುತ್ತದೆ. ಬಾಳೆಹಣ್ಣು, ಲವಂಗದ ಘಮ ಬವೇರಿಯದ ಗೋಧಿ ಬಿಯರಿನಲ್ಲಿ ಇರಲೇಬೇಕು, ಇಂಗ್ಲಿಷ್ ಬಿಟರಿನಲ್ಲಿ ಬಂದರೆ ಯಾವುದೋ ಕಾಡು ಯೀಸ್ಟನ್ನು ಹುಡುಕಬೇಕು.

ಮೇಲೆ ಬಿಳಿಯ ತೆಳು ಪೊರೆ ಕಟ್ಟಿ, ರುಚಿ ಹುಳಿಯಾದರೆ ಪಾಶ್ಚರ್ ಕಂಡ ಕಡ್ಡಿಗಳ ಬಳಗವೇ ಬಂದಿರುತ್ತದೆ. ಇಡ್ಲಿ ಹಿಟ್ಟಿನೊಡನೆ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಉದ್ದಿನಬೇಳೆಯ ಮೈಮೇಲೇ ಇರುವ ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಹಿಟ್ಟನ್ನು ಉಬ್ಬಿಸುತ್ತವೆ, ಹುಳಿಯಾಗಿಸುತ್ತವೆ. ಅಲ್ಲಿ ಹಲವು ಜೀವಿಗಳು ಸೇರಿಯೇ ಕೆಲಸ ನಡೆಯಬೇಕು, ಹುಳಿಯೇ ನಮಗೆ ಬೇಕಾದದ್ದು. ಹ್ಯಾನ್ಸನ್ ನಂತರದ ಬಿಯರಿನಲ್ಲಿ ಒಂದೇ ಜೀವಿಗೆ ಜಾಗ. ಹುಳಿಯಾದ ಬಿಯರ್ ಕುಡಿದರೆ ಕಾಯಿಲೆ ಬೀಳುತ್ತೇವೆಂಬ ಭಯ ಹೆಚ್ಚಾಗಿ ಬೇಕಿಲ್ಲ. ಹಾಪ್ಸ್, ಆಲ್ಕೋಹಾಲ್, ನಾಲ್ಕರ ಆಸುಪಾಸಿನ ಪಿಎಚ್ ಇವು ರೋಗಾಣುಗಳನ್ನು ಬೆಳೆಯಗೊಡುವುದಿಲ್ಲ. ಬಿಯರಿಗಿಂತ ಮುಖ್ಯವಾಗಿ ಹುಡುಕಬೇಕಾದದ್ದು ಆ ಬ್ಯಾಕ್ಟೀರಿಯಾ ಬಂದ ದಾರಿಯನ್ನು. ಪ್ಲಾಸ್ಟಿಕ್ ನಳಿಕೆ, ಡಬ್ಬಿಯ ನಲ್ಲಿಯ ಒಳಭಾಗ, ಮುಚ್ಚಳದ ರಬ್ಬರಿನ ಅಂಚು, ಗೀರು ಬಿದ್ದ ಹಳೆಯ ಡಬ್ಬಿ. ಕೊಳೆ ಕುಳಿತಿರುವ ಕಡೆ ಎಷ್ಟು ಸ್ಯಾನಿಟೈಸರ್ ಹಾಕಿದರೂ ಅದು ಒಳಗೆ ಇಳಿಯುವುದಿಲ್ಲ. ಮೊದಲು ಉಜ್ಜಿ ತೊಳೆಯಬೇಕು. ನಳಿಕೆ ದುಬಾರಿಯೇನಲ್ಲ, ಅನುಮಾನ ಬಂದರೆ ಎಸೆದು ಹೊಸದು ತನ್ನಿ.

ಇದೆಲ್ಲ ರುಚಿಯ ವಿಷಯ. ಬಾಟಲಿ ತುಂಬುವಾಗ ಮಾತ್ರ ಮೈಕೈಗೆ ಗಾಯವಾಗುವ ವಿಷಯ, ಇಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಬಾಟಲಿಯಲ್ಲಿ ನೊರೆ ಬರಲೆಂದು ಅಳೆದ ಸಕ್ಕರೆ ಹಾಕುತ್ತೇವೆ, ಉಳಿದ ಯೀಸ್ಟ್ ಅದನ್ನು ತಿಂದು ಅನಿಲ ತುಂಬುತ್ತದೆ. ಸಾಮಾನ್ಯ ಬಿಯರಿಗೆ, ಬಿಯರಿನ ಗಾತ್ರದ ಎರಡೂವರೆ ಪಟ್ಟು ಅನಿಲ ಸಾಕು. ಹೈಡ್ರೋಮೀಟರಿನ ಒಂದೊಂದು ಅಂಕವೂ ಬಾಟಲಿಯೊಳಗೆ ಹುದುಗಿದರೆ ಹತ್ತಿರಹತ್ತಿರ ಅರ್ಧ ಪಟ್ಟು ಅನಿಲ ಹೆಚ್ಚುತ್ತದೆ. ದಣಿದು ನಿಂತದ್ದನ್ನು ಮುಗಿದದ್ದೆಂದು ತಿಳಿದು ಹತ್ತು ಅಂಕ ಉಳಿದಿರುವಾಗಲೇ ತುಂಬಿದವರ ಬಾಟಲಿಯಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ. ಸಾಧಾರಣ ಬಿಯರ್ ಬಾಟಲಿಯ ಗಾಜು ಅದನ್ನು ತಡೆಯುವುದಿಲ್ಲ, ಸಿಡಿಯುತ್ತದೆ. ಸಿಡಿದ ಚೂರು ಗೋಡೆಯ ಹಲಗೆಗೆ ನಾಟಿರುವುದನ್ನು ನಾನು ನೋಡಿದ್ದೇನೆ.

ಸೇಸೋನ್ ಯೀಸ್ಟುಗಳಲ್ಲಿ ಹಲವಕ್ಕೆ ಇನ್ನೊಂದು ಗುಣವೂ ಇದೆ. ಡಯಾಸ್ಟಾಟಿಕಸ್ ಎಂಬ ಈ ಬಗೆಯ ಯೀಸ್ಟುಗಳ ವಂಶವಾಹಿಗಳಲ್ಲಿ ಎಸ್‌ಟಿಎ1 ಎಂಬುದಿದ್ದು, ಅದರಿಂದಾಗಿ ಅವು ತಾವೇ ಕಿಣ್ವ ಸುರಿಸಿ, ಬೇರೆ ಯೀಸ್ಟುಗಳು ಮುಟ್ಟಲಾರದ ಡೆಕ್ಸ್‌ಟ್ರಿನ್‌ಗಳನ್ನೂ ಸಕ್ಕರೆ ಮಾಡಿ ತಿನ್ನುತ್ತವೆ. ಇಂಥ ಬಿಯರಿನಲ್ಲಿ ಬೇರೆ ಏಲ್ ಯೀಸ್ಟ್ ಹಾಕಿದ ಸೀಸೆ ತೋರಿಸಿದ 1.010 ಕೊನೆಯ ಮಿತಿಯಲ್ಲ. ಗೆಳೆಯರ ಸೇಸೋನ್ ಅಟ್ಟದ ಮೇಲೆ 1.010 ದಾಟಿತು, 1.006 ದಾಟಿತು, ಆಗಸ್ಟಿನಲ್ಲಿ 1.003ಕ್ಕೆ ಬಂತು. ಅಲ್ಲಿಂದ ಮುಂದೆ ಎರಡು ವಾರ ಬಿಟ್ಟು ನೋಡಿದೆವು, ಮತ್ತೆ ಎರಡು ವಾರ ಬಿಟ್ಟು ನೋಡಿದೆವು. 1.003 ಎಂದರೆ 1.003. ಆಮೇಲೆಯೇ ಸಕ್ಕರೆ ತೂಗಿದ್ದು. ಅಷ್ಟಾದರೂ ತೆಳು ಗಾಜನ್ನು ನಂಬದೆ, ಷಾಂಪೇನ್ ಬಂದಿದ್ದ ದಪ್ಪ ಗಾಜಿನ ಬಾಟಲಿಗಳನ್ನು ಊರೆಲ್ಲ ಕೇಳಿ ಕೂಡಿಸಿ, ಅವಕ್ಕೇ ತುಂಬಿ ತಂತಿ ಬಿಗಿದೆವು.